ಮೆಟ್ಟಿಲ ಕೆಳಗೆ ಮಲಗಿದ್ದ ಬೋರ್ಡೋ

ನನ್ನ ಸೋದರಮಾವ ದೊಡ್ಡ ಕುಡುಕರು ಎಂದು ಮೈಸೂರಿನಲ್ಲಿರುವ ನಮ್ಮ ಬಂಧುಗಳಲ್ಲಿ ಅರ್ಧ ಜನ ಇವತ್ತಿಗೂ ನಂಬಿಕೊಂಡಿದ್ದಾರೆ. ಉಳಿದ ಅರ್ಧ ಜನಕ್ಕೆ ವಿಷಯ ಇನ್ನೂ ಮುಟ್ಟಿಲ್ಲ, ಅಷ್ಟೇ. ನಿಜ ಹೇಳಬೇಕೆಂದರೆ, ಎಪ್ಪತ್ತು ದಾಟಿದ ಮಾವ ತಮ್ಮ ಜೀವಮಾನದಲ್ಲಿ ಒಂದು ತೊಟ್ಟು ಮದ್ಯ ಮುಟ್ಟಿದವರಲ್ಲ. ಕೆಮ್ಮಿನ ಔಷಧಿಯನ್ನು ಕೂಡ ಸೀಸೆಯ ಹಿಂದಿನ ಸಣ್ಣ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿ, ಆಲ್ಕೋಹಾಲ್ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಕುಡಿಯುವ ಆಸಾಮಿ. ಅಂಥವರು ಫ್ರಾನ್ಸಿನ ಬೋರ್ಡೋ ಸೀಮೆಯ ಕೆಂಪು ವೈನಿನ ವಿಷಯ ಎತ್ತಿದರೆ ಊಟ ಆರಿ ಹೋದರೂ ನಿಲ್ಲಿಸುವುದಿಲ್ಲ. ಯಾವ ವರ್ಷ ಬಳ್ಳಿ ಬೇಗ ಚಿಗುರಿತು, ಯಾವ ವರ್ಷ ಹೂವಿನ ಹೊತ್ತಿಗೆ ಮಳೆ ಬಂದು ಕಾಯಿ ಕಟ್ಟಲಿಲ್ಲ, ಯಾವ ವರ್ಷ ಆಲಿಕಲ್ಲು ಬಿತ್ತು, ಎಲ್ಲವೂ ಬಾಯಿಪಾಠ. ತಮ್ಮ ಮದುವೆಯ ತಾರೀಖನ್ನು ಮಾತ್ರ ಅತ್ತೆಯನ್ನು ಕೇಳಿ ಹೇಳುತ್ತಾರೆ.

ಕುಡುಕರೆಂಬ ಸುದ್ದಿ ಹುಟ್ಟಿದ್ದು ಅತ್ತೆಯ ಬಾಯಿಂದಲೇ. ಅತ್ತೆಯ ಅಣ್ಣ ಕೊಡಗಿನಲ್ಲಿ ಕಾಫಿ ಬೆಳೆಯುವವರು. ಒಂದು ಭಾನುವಾರ ಅತ್ತೆ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನಿಂದ ಅವರಿಗೆ ಫೋನ್ ಮಾಡಿ, "ಅಣ್ಣ, ಇವರಿಗೆ ಮೂರು ಹೊತ್ತೂ ಬೋರ್ಡೋದೇ ಧ್ಯಾನ. ನಾನು ಮಾತಾಡಿದ್ದು ಕಿವಿಗೇ ಬೀಳಲ್ಲ," ಎಂದು ಗೋಳಾಡಿದರಂತೆ. ಅಣ್ಣ ಗಾಬರಿಯಾದರು. ನಮ್ಮ ಕಡೆ ತೋಟ ಇರುವವರಿಗೆ ಬೋರ್ಡೋ ಅಂದರೆ ಒಂದೇ ಅರ್ಥ ತಾನೆ?

"ಅದು ಗಿಡಕ್ಕೆ ಹೊಡಿಯೋ ಮದ್ದಲ್ವೇನೇ? ಮೈಲುತುತ್ತ, ಸುಣ್ಣ ಸೇರಿಸಿ ಮಾಡ್ತಾರೆ. ಹೊಟ್ಟೆಗೆ ಹೋದ್ರೆ ಕರುಳು ಸುಟ್ಟುಹೋಗುತ್ತೆ. ಭಾವ ಡಾಕ್ಟರು, ಅವರಿಗೆ ಗೊತ್ತಾಗಲ್ವಾ?"

ಮಾವ ಫೋನ್ ಕಿತ್ತುಕೊಂಡು, ನಾನು ಅದನ್ನು ಕುಡಿಯುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಾಗೆ ಹೇಳಿದರೆ ಅವರು ನನ್ನ ಮಾವ ಹೇಗಾದಾರು? ಆ ಮದ್ದನ್ನು ಮೊದಲು ಕಂಡುಹಿಡಿದದ್ದೇ ಬೋರ್ಡೋ ದ್ರಾಕ್ಷಿಗೆ ಬೂಷ್ಟು ಹಿಡಿದಾಗ, ಅಲ್ಲಿಂದಲೇ ಅದು ಕೊಡಗಿನವರೆಗೆ ಬಂತು, ಆದ್ದರಿಂದ ನಿಮಗೂ ಆ ದ್ರಾಕ್ಷಿಗೂ ಒಂದು ರೀತಿಯ ನೆಂಟಸ್ತನವಿದೆ ಎಂದು ಮುಕ್ಕಾಲು ಗಂಟೆ ವಿವರಿಸಿದರು. ಫೋನ್ ಇಟ್ಟ ಮೇಲೆ ಕೊಡಗಿನ ಅಣ್ಣ ಮೈಸೂರಿಗೆ ಫೋನ್ ಮಾಡಿ, "ಪಾಪ, ಹಗಲು ಹೊತ್ತಲ್ಲೇ ತಗೊಂಡಿದ್ರು ಅನ್ಸುತ್ತೆ," ಅಂದರು.

ಈ ಹುಚ್ಚು ಹತ್ತಿದ ಬಗೆಯನ್ನು ಹೇಳಬೇಕು. ಮಾವ ವುಲ್ವರ್‌ಹ್ಯಾಂಪ್ಟನ್‌ನ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯರಾಗಿದ್ದವರು. ಆಪರೇಷನ್‌ಗೆ ಮುಂಚೆ ರೋಗಿಗೆ ಪ್ರಜ್ಞೆ ತಪ್ಪಿಸಿ, ಮುಗಿದ ಮೇಲೆ ಎಬ್ಬಿಸುವ ಕೆಲಸ. ಈ ಕೆಲಸದವರಿಗೆ ರೋಗಿಗಳು ಉಡುಗೊರೆ ಕೊಡುವುದಿಲ್ಲ. ಪರಿಚಯವಾಗಿ ಅರ್ಧ ನಿಮಿಷಕ್ಕೆ ನಿದ್ದೆ ಹೋದವನು ಏನೆಂದು ನೆನಪಿಟ್ಟುಕೊಳ್ಳುತ್ತಾನೆ? ಎದ್ದ ಮೇಲೆ ಹೂವು, ಚಾಕೊಲೇಟು, ಕಾರ್ಡು ಎಲ್ಲ ಸರ್ಜನ್‌ಗೆ. ಮೂವತ್ತು ಚಿಲ್ಲರೆ ವರ್ಷದ ಸೇವೆಯಲ್ಲಿ ಮಾವನಿಗೆ ಸಿಕ್ಕ ಒಂದೇ ಒಂದು ಉಡುಗೊರೆ, ನಿವೃತ್ತಿಗೆ ಎರಡು ವಾರ ಇರುವಾಗ ಬಂತು. ಬೀಗ ಮಾಡುವ ಕಾರ್ಖಾನೆಯಲ್ಲಿ ದುಡಿದು ಮುದುಕರಾಗಿದ್ದ ಒಬ್ಬರು, ಬಹುಶಃ ನಿದ್ದೆ ಸರಿಯಾಗಿ ಹತ್ತದೆ ಮಾವನ ಮುಖ ಸ್ವಲ್ಪ ಹೆಚ್ಚು ಹೊತ್ತು ನೋಡಿದವರು, ಹುಡುಕಿಕೊಂಡು ಬಂದು ಪತ್ರಿಕೆಯಲ್ಲಿ ಸುತ್ತಿದ ಒಂದು ಸೀಸೆ ಕೊಟ್ಟರು. ಬೋರ್ಡೋದ ಹಳೆಯ ಕೆಂಪು ವೈನ್. "ನನ್ನ ಮಗಳ ಮದುವೆಗೆ ಅಂತ ಇಟ್ಟಿದ್ದೆ. ಅವಳು ನನಗೆ ಹೇಳದೆಯೇ ಮಾಡಿಕೊಂಡಳು. ನೀವೇ ಇಟ್ಟುಕೊಳ್ಳಿ," ಅಂದರಂತೆ.

ಬೇರೆ ಯಾರಾದರೂ ಆಗಿದ್ದರೆ ಅದನ್ನು ಮುಂದಿನ ಕ್ರಿಸ್‌ಮಸ್‌ಗೆ ಪಕ್ಕದ ಮನೆಗೆ ದಾಟಿಸಿ ಕೈತೊಳೆದುಕೊಳ್ಳುತ್ತಿದ್ದರು. ಮಾವನಿಗೆ ಅದು ಮೂವತ್ತು ವರ್ಷದ ಏಕೈಕ ಪದಕ. ಕುಡಿಯುವ ಹಾಗಿಲ್ಲ, ಕೊಟ್ಟುಬಿಡುವ ಹಾಗಿಲ್ಲ. ಉಳಿದ ದಾರಿ ಎಂದರೆ ಅದನ್ನು ಚೆನ್ನಾಗಿ ನೋಡಿಕೊಳ್ಳುವುದು. ಪ್ರಜ್ಞೆ ಇಲ್ಲದವರನ್ನು ನೋಡಿಕೊಳ್ಳುವುದರಲ್ಲಿ ಅವರನ್ನು ಮೀರಿಸುವವರಿಲ್ಲವಲ್ಲ.

ಒಳ್ಳೆಯ ವೈನಿಗೆ ಕತ್ತಲೆ ಬೇಕು, ತಂಪು ಬೇಕು, ಅಲುಗಾಟ ಇರಬಾರದು, ಘಾಟು ವಾಸನೆ ಕೂಡದು ಎಂದು ಓದಿಕೊಂಡರು. ಆ ಮನೆಯಲ್ಲಿ ಕತ್ತಲೆ ಮತ್ತು ತಂಪು ಎರಡೂ ಇದ್ದ ಜಾಗ ಒಂದೇ, ಮೆಟ್ಟಿಲ ಕೆಳಗಿನ ಗೂಡು. ಅದು ಅತ್ತೆಯ ಉಗ್ರಾಣ. ಅಕ್ಕಿ ಮೂಟೆ, ಹುಣಸೆಹಣ್ಣು, ಮಾವಿನಕಾಯಿ ಉಪ್ಪಿನಕಾಯಿಯ ಭರಣಿ, ಇಂಗಿನ ಡಬ್ಬಿ ಎಲ್ಲ ಅಲ್ಲಿ. ಒಂದು ಬೆಳಿಗ್ಗೆ ಅತ್ತೆ ಎದ್ದು ನೋಡಿದರೆ ಭರಣಿ ಮತ್ತು ಇಂಗು ಗರಾಜಿಗೆ ವರ್ಗವಾಗಿದ್ದವು. ಅಕ್ಕಿ ಮೂಟೆಯ ಮೇಲೆ ಮೆತ್ತಗಿನ ಟವೆಲ್ ಹಾಸಿ, ಅದರ ಮೇಲೆ ಸೀಸೆ ಅಡ್ಡಡ್ಡ ಮಲಗಿತ್ತು. ಪಕ್ಕದಲ್ಲಿ ಥರ್ಮಾಮೀಟರು.

"ನೋಡೇ ಪುಟ್ಟಿ, ಬಾಣಂತೀನ ಮಲಗಿಸಿದ ಹಾಗೆ ಮಲಗಿಸಿದ್ದಾರೆ. ನನ್ನ ಬಾಣಂತನದಲ್ಲೂ ಇಷ್ಟು ಮಾಡಿರ್ಲಿಲ್ಲ," ಎಂದು ಅತ್ತೆ ನನಗೆ ತೋರಿಸಿದರು. ನನಗೆ ನಲವತ್ತಾಗಿದೆ. ಅಲ್ಲಿಂದ ಒಂದೂವರೆ ಗಂಟೆ ದೂರದ ಬರ್ಚ್‌ವುಡ್‌ನ ಒಂದು ಆಫೀಸಿನಲ್ಲಿ ಹದಿನೈದು ಜನ ನನ್ನ ಕೈಕೆಳಗೆ ಕೆಲಸ ಮಾಡುತ್ತಾರೆ. ಆ ಮನೆಯ ಬಾಗಿಲು ದಾಟಿದರೆ ಮಾತ್ರ ನಾನು ಪುಟ್ಟಿ.

ಅವತ್ತಿನಿಂದ ಹಜಾರದ ಹೀಟರ್ ಬಂದ್. ಜನವರಿಯಲ್ಲಿ ಮಾವನ ಮನೆಗೆ ಹೋದವರು ಕೋಟು ತೆಗೆಯುವುದಿಲ್ಲ, ಕೆಲವರು ಹೊರಗಿನಿಂದ ಬಂದ ಮೇಲೆ ಕೋಟು ಹಾಕಿಕೊಳ್ಳುತ್ತಾರೆ. ಮೆಟ್ಟಿಲ ಮೇಲೆ ಓಡುವುದಕ್ಕೂ ನಿಷೇಧ ಬಂತು. ಮಾವನ ಒಬ್ಬಳೇ ಮಗಳು ಲೀಡ್ಸ್‌ನಲ್ಲಿದ್ದಾಳೆ. ಅವಳ ಮಕ್ಕಳು ಬಂದರೆ ಕಳ್ಳರ ಹಾಗೆ ತುದಿಗಾಲಲ್ಲಿ ಮಹಡಿ ಹತ್ತುತ್ತವೆ. ನಮ್ಮನೆಯವರು ದಪ್ಪ ಮನುಷ್ಯ. ಅವರಿಗೆ ಮೆಟ್ಟಿಲು ಹತ್ತುವ ಅನುಮತಿಯೇ ಇಲ್ಲ. ಕೆಳಗಿನ ಸೋಫಾದಲ್ಲೇ ಮಲಗಬೇಕು. ನಮ್ಮನೆಯವರು ಶನಿವಾರ ಒಂದು ಬಿಯರ್ ಕುಡಿಯುವವರು. ಆ ಗೂಡಿನ ಬಾಗಿಲಿಗೆ ಮೂರು ಅಡಿ ದೂರದಲ್ಲಿ ಮಲಗಿ ಎಷ್ಟು ಶನಿವಾರ ನಿಟ್ಟುಸಿರು ಬಿಟ್ಟಿದ್ದಾರೋ ಲೆಕ್ಕವಿಲ್ಲ.

"ಮಾವ, ಅದನ್ನ ಯಾವತ್ತು ತೆಗೀತೀರಾ?" ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದರು.

"ಅಳಿಯಂದಿರೇ, ಅದಿನ್ನೂ ಬೆಳೀತಾ ಇದೆ," ಅಂದರು ಮಾವ. "ನೀವೂ ಸ್ವಲ್ಪ ಬೆಳೀರಿ."

ಸೀಸೆ ಸುರಕ್ಷಿತವಾದ ಮೇಲೆ ಮಾವನ ಗಮನ ಅದರ ಹುಟ್ಟೂರಿನ ಕಡೆ ತಿರುಗಿತು. ಆ ದ್ರಾಕ್ಷಿ ಸೀಮೆಯ ಹವಾಮಾನವನ್ನು ಅಂತರ್ಜಾಲದಲ್ಲಿ ನೋಡಿ ದಿನಾ ಬರೆದಿಡತೊಡಗಿದರು. ಏಪ್ರಿಲ್ ಬಂದರೆ ನನಗೆ ಬೆಳಿಗ್ಗೆ ಫೋನ್. "ಪುಟ್ಟಿ, ಕೇಳಿದ್ಯಾ? ಇಬ್ಬನಿ ಹೆಪ್ಪುಗಟ್ಟಿಬಿಟ್ಟಿದೆಯಂತೆ. ಚಿಗುರೆಲ್ಲ ಕಪ್ಪಾಗಿದೆ." ಅವರ ದನಿ ಕೇಳಿದವರಿಗೆ ಹತ್ತಿರದ ಯಾರೋ ಆಸ್ಪತ್ರೆ ಸೇರಿದ್ದಾರೆ ಅನ್ನಿಸಬೇಕು. ನಾನು ಮೀಟಿಂಗಿನಿಂದ ಎದ್ದು ಹೊರಗೆ ಹೋಗಿ ಸಮಾಧಾನ ಹೇಳುತ್ತಿದ್ದೆ. ಒಮ್ಮೆ ನನ್ನ ಮೇಲಧಿಕಾರಿ, "ಮನೆಯಲ್ಲಿ ಎಲ್ಲ ಕ್ಷೇಮವೇ?" ಎಂದು ಕೇಳಿದರು. "ದ್ರಾಕ್ಷಿಗೆ ಹುಷಾರಿಲ್ಲ," ಎಂದು ಹೇಳಲಾದೀತೇ? ದೂರದ ನೆಂಟರೊಬ್ಬರಿಗೆ ಹುಷಾರಿಲ್ಲ ಅಂದೆ. ಅವರು ಮರುದಿನ ರಜೆ ಕೊಟ್ಟರು.

ಬರೆದು ತೃಪ್ತಿಯಾಗದೆ ಮಾವ ತಮ್ಮ ಹಿತ್ತಿಲಿನಲ್ಲೇ ಒಂದು ದ್ರಾಕ್ಷಿ ಬಳ್ಳಿ ನೆಟ್ಟರು. ಬೋರ್ಡೋದಲ್ಲಿ ಬೆಳೆಯುವ ಜಾತಿಯೇ ಬೇಕು ಎಂದು ಹುಡುಕಿ ತರಿಸಿದ್ದು. ಅಲ್ಲಿನ ನೆಲ ಕಲ್ಲುಹರಳಿನದು, ಹಗಲಿನ ಬಿಸಿಯನ್ನು ಹಿಡಿದಿಡುತ್ತದೆ ಎಂದು ಅತ್ತೆಯ ಗುಲಾಬಿ ಗಿಡ ಕಿತ್ತು ಆ ಜಾಗಕ್ಕೆ ಜಲ್ಲಿ ಸುರಿಸಿದರು. ಬಳ್ಳಿಗೆ ಪಾಪ, ತಾನು ಎಲ್ಲಿದ್ದೇನೆ ಎಂದು ಗೊತ್ತಿರಲಿಲ್ಲ. ಮೂರನೆಯ ವರ್ಷ ಏಪ್ರಿಲ್‌ನಲ್ಲಿ ನಾಲ್ಕು ಚಿಗುರು ಬಿಟ್ಟಿತು. ಅದೇ ವಾರ ಹಿಮ ಬೀಳುತ್ತದೆಂಬ ಸುದ್ದಿ. ಬೋರ್ಡೋದಲ್ಲಿ ಇಂಥ ಹೊತ್ತಿಗೆ ಸಾಲು ಸಾಲಾಗಿ ದೊಡ್ಡ ಮೇಣದ ಬೆಂಕಿ ಹಚ್ಚಿಟ್ಟು ಚಿಗುರು ಕಾಯುತ್ತಾರಂತೆ. ಮಾವ ಬೆಳಗಿನ ಜಾವ ಎದ್ದು, ಮುಂದಿನ ದೀಪಾವಳಿಗೆಂದು ಅತ್ತೆ ಎತ್ತಿಟ್ಟಿದ್ದ ಮೇಣದ ದೀಪಗಳನ್ನೆಲ್ಲ ಬಳ್ಳಿಯ ಸುತ್ತ ಹಚ್ಚಿ, ಶಾಲು ಹೊದ್ದು ಪಕ್ಕದಲ್ಲಿ ಕೂತರು.

ಪಕ್ಕದ ಮನೆಯಲ್ಲಿ ಒಬ್ಬ ಪಂಜಾಬಿ ಅಜ್ಜಿ ಇದ್ದಾರೆ. ಅವರು ದಿನಾ ಆ ಹೊತ್ತಿಗೆ ಎದ್ದು ಪ್ರಾರ್ಥನೆ ಮಾಡುವವರು. ಕಿಟಕಿಯಿಂದ ನೋಡಿದರು. ಕತ್ತಲಲ್ಲಿ ಒಂದು ಗಿಡ, ಸುತ್ತ ದೀಪ, ಎದುರಿಗೆ ಶಾಲು ಹೊದ್ದ ಡಾಕ್ಟರು ಕಣ್ಣು ಮುಚ್ಚಿ ಕೂತಿದ್ದಾರೆ. ಮಾವ ತೂಕಡಿಸುತ್ತಿದ್ದರು ಎಂಬುದು ಅಜ್ಜಿಗೆ ಹೇಗೆ ಗೊತ್ತಾಗಬೇಕು? ಅವರು ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು ಅಲ್ಲಿಂದಲೇ ಕೈಮುಗಿದರು. ಬೆಳಕು ಹರಿದ ಮೇಲೆ ಒಂದು ಬಟ್ಟಲು ಬಿಸಿ ಹಲ್ವಾ ತಂದು ಬಳ್ಳಿಯ ಬುಡದಲ್ಲಿಟ್ಟು, ಅದಕ್ಕೊಂದು ಕೆಂಪು ಬಟ್ಟೆ ಕಟ್ಟಿ ಹೋದರು. ಮುಂದಿನ ವಾರಕ್ಕೆ ಬೀದಿಯ ಇನ್ನಿಬ್ಬರು ಹೆಂಗಸರು ಬಂದರು. ಒಬ್ಬರ ಸೊಸೆಗೆ ವೀಸಾ ಆಗಬೇಕಿತ್ತು, ಇನ್ನೊಬ್ಬರ ಮಗನಿಗೆ ಡ್ರೈವಿಂಗ್ ಪರೀಕ್ಷೆ. ದುರದೃಷ್ಟಕ್ಕೆ ಎರಡೂ ಆಗಿಬಿಟ್ಟವು.

"ಇದು ದೇವರ ಗಿಡ ಅಲ್ಲ, ದ್ರಾಕ್ಷಿ ಅಂತ ಹೇಳಿಬಿಡಿ," ಅಂದರು ಅತ್ತೆ.

"ಹಲ್ವಾ ನಿಂತುಹೋಗುತ್ತೆ," ಅಂದರು ಮಾವ.

ಆ ಬಳ್ಳಿ ಅಷ್ಟು ಭಕ್ತಿಗೂ ಒಂದೇ ಒಂದು ಗೊಂಚಲು ಬಿಟ್ಟಿತು. ಅಕ್ಟೋಬರ್ ಬಂದರೂ ಹಣ್ಣು ಕೆಂಪಾಗಲಿಲ್ಲ. ಸೂರ್ಯನನ್ನೇ ಕಾಣದ ಹಣ್ಣಿಗೆ ಸಕ್ಕರೆ ಎಲ್ಲಿಂದ ಬರಬೇಕು? ಮಾವ ಕನ್ನಡಕ ಒರೆಸಿಕೊಂಡು, ಕತ್ತರಿಯಿಂದ ಕೊಯ್ದು, ಬೆಳ್ಳಿ ತಟ್ಟೆಯಲ್ಲಿಟ್ಟು ಒಂದೊಂದು ಹಣ್ಣು ನಮಗೆಲ್ಲ ಕೊಟ್ಟರು. ನಮ್ಮನೆಯವರ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡು ಸಂಜೆಯವರೆಗೆ ಪೂರ್ತಿ ತೆರೆಯಲಿಲ್ಲ. ಉಳಿದದ್ದನ್ನು ಅತ್ತೆ ಬೆಲ್ಲ, ಒಣಮೆಣಸಿನಕಾಯಿ ಹಾಕಿ ಗೊಜ್ಜು ಮಾಡಿದರು. ಇಂಗು ಮಾತ್ರ ಗರಾಜಿನಿಂದ ತರಬೇಕಾಯಿತು. ಅಂಥ ಗೊಜ್ಜನ್ನು ನಾನು ಮೈಸೂರಿನಲ್ಲೂ ತಿಂದಿಲ್ಲ.

ಇಷ್ಟೆಲ್ಲ ಆದ ಮೇಲೆ ಊರಿನಲ್ಲಿ ಮಾವನ ಹೆಸರು ಹರಡಿತು. ವೈನ್ ಪ್ರಿಯರ ಒಂದು ಸಂಘ ತಿಂಗಳಿಗೊಮ್ಮೆ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಸೇರುತ್ತಿತ್ತು. ಎಲ್ಲರೂ ನಿವೃತ್ತರಾದ ಇಂಗ್ಲಿಷರು. ಬೋರ್ಡೋದ ಪ್ರತಿ ವರ್ಷದ ಬೆಳೆಯನ್ನೂ ಬಲ್ಲ ಭಾರತೀಯ ಡಾಕ್ಟರ್ ಒಬ್ಬರಿದ್ದಾರೆ ಎಂದು ಯಾರೋ ಹೇಳಿ, ಉಪನ್ಯಾಸಕ್ಕೆ ಕರೆದರು. ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಮಾವ ಒಂದು ಗಂಟೆ ನಿರರ್ಗಳವಾಗಿ ಮಾತಾಡಿದರು. ಆಗಸ್ಟಿನಲ್ಲಿ ಹಸಿರು ಕಾಯಿ ಕೆಂಪಿಗೆ ತಿರುಗುವುದನ್ನು ವರ್ಣಿಸುವಾಗ ಮುಂದಿನ ಸಾಲಿನ ಹೆಂಗಸೊಬ್ಬರು ಕಣ್ಣು ಒರೆಸಿಕೊಂಡರು. ಕೊನೆಗೆ ಅಧ್ಯಕ್ಷರು, ದಪ್ಪ ಮೀಸೆಯ ದೊಡ್ಡ ಮನುಷ್ಯ, ಎದ್ದು ನಿಂತು ಕೇಳಿದರು.

"ಡಾಕ್ಟರ್, ನೀವು ಕುಡಿದಿರುವುದರಲ್ಲಿ ಅತ್ಯುತ್ತಮ ಯಾವುದು?"

"ನಾನು ಕುಡಿಯುವುದಿಲ್ಲ."

ಕೋಣೆಯಲ್ಲಿ ನಗುವೋ ನಗು. ಇಂಗ್ಲಿಷರಿಗೆ ಗಂಭೀರ ಮುಖದಲ್ಲಿ ಹೇಳಿದ್ದೆಲ್ಲ ತಮಾಷೆಯೇ. ಮಾವ ಅವರ ನಗು ನಿಲ್ಲುವವರೆಗೆ ಕಾದು, ಚೀಲದಿಂದ ಡಬ್ಬಿಗಳನ್ನು ತೆಗೆದಿಟ್ಟರು. ವೈನಿನಲ್ಲಿ ನಾಲಿಗೆಯನ್ನು ಹಿಡಿದೆಳೆಯುವ ಒಂದು ಗುಣವಿದೆಯಲ್ಲ, ಅದಕ್ಕೆ ನಿಮ್ಮ ಭಾಷೆಯಲ್ಲಿ ಸರಿಯಾದ ಮಾತಿಲ್ಲ, ಕನ್ನಡದಲ್ಲಿ ಅದಕ್ಕೆ ಒಗರು ಅನ್ನುತ್ತೇವೆ, ಇವತ್ತು ಒಗರಿನ ಪರಿಚಯ ಮಾಡಿಕೊಳ್ಳಿ ಎಂದು ಬೆಟ್ಟದ ನೆಲ್ಲಿಕಾಯಿ, ಬಾಳೆಹೂವಿನ ಎಸಳು, ಕೊನೆಗೆ ಅಡಿಕೆ ಚೂರು ಹಂಚಿದರು. ನೆಲ್ಲಿಕಾಯಿ ತಿಂದವರು ತಲೆದೂಗಿದರು. ಅಧ್ಯಕ್ಷರು ಉತ್ಸಾಹದಲ್ಲಿ ನಾಲ್ಕು ಚೂರು ಅಡಿಕೆಯನ್ನು ಒಟ್ಟಿಗೆ ಬಾಯಿಗೆ ಹಾಕಿಕೊಂಡರು. ಮಾವ ಬೇಡವೆನ್ನುವಷ್ಟರಲ್ಲಿ ಜಗಿದೂ ಆಗಿತ್ತು.

ಎರಡು ನಿಮಿಷಕ್ಕೆ ಅವರ ಹಣೆಯ ಮೇಲೆ ಬೆವರು. ಕಿವಿ ಕೆಂಪಾಯಿತು. ಗೋಡೆ ಹಿಡಿದುಕೊಂಡರು. ಅಡಿಕೆ ಸೊಕ್ಕಿತ್ತು.

ಅಲ್ಲಿದ್ದವರೆಲ್ಲ ಗಾಬರಿಯಾದರು, ಮಾವ ಒಬ್ಬರನ್ನು ಬಿಟ್ಟು. ಅವರು ನಿವೃತ್ತಿಯ ನಂತರ ಮೊದಲ ಬಾರಿಗೆ ತಮ್ಮ ನಿಜವಾದ ರೂಪಕ್ಕೆ ಬಂದರು. ಅಧ್ಯಕ್ಷರನ್ನು ಮಲಗಿಸಿ, ಕಾಲು ಕುರ್ಚಿಯ ಮೇಲೆ ಎತ್ತಿಟ್ಟು, ನಾಡಿ ಹಿಡಿದು, "ನಾನು ಇಲ್ಲೇ ಇದ್ದೇನೆ, ಎಲ್ಲೂ ಹೋಗುವುದಿಲ್ಲ," ಎಂದು ಎಷ್ಟು ಮೆತ್ತಗೆ ಹೇಳಿದರೆಂದರೆ ನನಗೇ ನಿದ್ದೆ ಬರುವ ಹಾಗಾಯಿತು. ಹತ್ತು ನಿಮಿಷದಲ್ಲಿ ಅಧ್ಯಕ್ಷರು ಎದ್ದು ಕೂತು ನೀರು ಕುಡಿದರು. "ಡಾಕ್ಟರ್, ನಲವತ್ತು ವರ್ಷ ಕುಡಿದರೂ ಯಾವ ವೈನೂ ನನಗೆ ಇಷ್ಟು ಕೊಟ್ಟಿರಲಿಲ್ಲ," ಅಂದರು. ಮುಂದಿನ ಸಭೆಯಲ್ಲಿ ಮಾವನನ್ನು ಸಂಘದ ಗೌರವಾಧ್ಯಕ್ಷರನ್ನಾಗಿ ಆರಿಸಿದರು. ಈ ಸುದ್ದಿ ಫೋಟೋ ಸಮೇತ ಮೈಸೂರಿಗೆ ಹೋಯಿತು. ಫೋಟೋದಲ್ಲಿ ಮಾವನ ಸುತ್ತ ಹನ್ನೆರಡು ಸೀಸೆ. ಕೊಡಗಿನ ಅಣ್ಣ ಅತ್ತೆಗೆ ಫೋನ್ ಮಾಡಿ, "ನೀನು ಧೈರ್ಯವಾಗಿರು," ಎಂದಷ್ಟೇ ಹೇಳಿ ಇಟ್ಟರಂತೆ.

ಮಾವನ ಇನ್ನೊಂದು ಅಭ್ಯಾಸ, ಆ ಸೀಸೆ ಬಂದ ತೋಟದವರಿಗೆ ವರ್ಷಕ್ಕೊಂದು ಪತ್ರ ಬರೆಯುವುದು. ಹಿಮ ಬಿದ್ದ ವರ್ಷ ಸಂತಾಪ, ಬೆಳೆ ಚೆನ್ನಾಗಿ ಬಂದ ವರ್ಷ ಅಭಿನಂದನೆ. ಒಂದು ಪತ್ರವನ್ನು ನಾನೇ ಓದಿದ್ದೇನೆ. 'ತಮ್ಮ ಚಿಗುರುಗಳ ಅಕಾಲಿಕ ಅಗಲಿಕೆಯಿಂದ ನಮ್ಮ ಕುಟುಂಬಕ್ಕೆ ತೀವ್ರ ದುಃಖವಾಗಿದೆ' ಎಂಬ ಅರ್ಥ ಬರುವಂಥ ಇಂಗ್ಲಿಷು. ಮೊದಮೊದಲು ಅಚ್ಚು ಹಾಕಿದ ಕಾರ್ಡು ಉತ್ತರವಾಗಿ ಬರುತ್ತಿತ್ತು. ಮುಂದೆ ಆ ತೋಟದ ಯಜಮಾನಿಯೇ ಕೈಬರಹದಲ್ಲಿ ಬರೆಯತೊಡಗಿದರು. ಅವರೂ ಮಾವನ ವಯಸ್ಸಿನವರು. ಹೋದ ವರ್ಷ ಮಾವ ಅವರಿಗೆ ಒಂದು ವಿಶೇಷ ಬೇಡಿಕೆ ಕಳಿಸಿದ್ದರು. ತಮ್ಮ ಸೀಸೆಯ ಮೇಲಿರುವ ಇಸವಿಯಲ್ಲಿ ಅಲ್ಲಿನ ಹವೆ ದಿನದಿನಕ್ಕೆ ಹೇಗಿತ್ತು, ತಿಳಿಸಬಹುದೇ ಎಂದು. ಮೂವತ್ತೈದು ವರ್ಷ ಹಿಂದಿನ ಮಾತು. ಯಾರು ಉತ್ತರ ಕೊಡುತ್ತಾರೆ ಎಂದು ನಾವೆಲ್ಲ ನಕ್ಕಿದ್ದೆವು.

ಉತ್ತರ ಬಂತು. ಅಕ್ಟೋಬರಿನ ಒಂದು ಶುಕ್ರವಾರ ಮಾವ ಫೋನ್ ಮಾಡಿ, "ಭಾನುವಾರ ಇಬ್ಬರೂ ಬನ್ನಿ. ಅಳಿಯಂದಿರಿಗೆ ಕಾರು ಓಡಿಸಬೇಡಿ ಅಂತ ಹೇಳು," ಅಂದರು. ನಮ್ಮನೆಯವರಿಗೆ ಅರ್ಥವಾಗಿಹೋಯಿತು. ಅವರು ಹನ್ನೊಂದು ವರ್ಷದಿಂದ ಕಾದಿದ್ದವರು. ಎಂ ಸಿಕ್ಸ್ ರಸ್ತೆಯ ಟ್ರಾಫಿಕ್ಕಿನಲ್ಲಿ ನಾನು ಗೊಣಗುತ್ತಿದ್ದರೆ, ಪಕ್ಕದಲ್ಲಿ ಕೂತು ಮದುಮಗನ ಹಾಗೆ ಕೂದಲು ಸವರಿಕೊಳ್ಳುತ್ತಿದ್ದರು.

ಹೋಗಿ ನೋಡಿದರೆ ಊಟದ ಮೇಜಿನ ಮೇಲೆ ದಪ್ಪ ಲಕೋಟೆ. ಅದರಲ್ಲಿ ಹಳೆಯ ನೋಟ್‌ಬುಕ್ಕಿನ ಪುಟಗಳ ನಕಲು, ಜೊತೆಗೆ ಯಜಮಾನಿಯ ಇಂಗ್ಲಿಷ್ ಪತ್ರ. 'ಇದು ನನ್ನ ಗಂಡ ಬರೆಯುತ್ತಿದ್ದ ಹವೆಯ ಪುಸ್ತಕ. ಅವರು ತೀರಿಕೊಂಡು ಬಹಳ ವರ್ಷವಾಯಿತು. ಇದನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಆ ವರ್ಷದ ಒಂದು ಸೀಸೆಯೂ ನಮ್ಮಲ್ಲಿ ಉಳಿದಿಲ್ಲ. ನಿಮ್ಮದು ಇದ್ದರೆ ದಯವಿಟ್ಟು ಇನ್ನು ಕಾಯಬೇಡಿ. ಅದಕ್ಕೂ ವಯಸ್ಸಾಗಿದೆ.'

ಮಾವ ಕೈಗೆ ಗ್ಲವ್ಸ್ ಹಾಕಿಕೊಂಡು ಗೂಡಿನಿಂದ ಸೀಸೆ ತಂದರು. ಬಿರಡೆ ಅರ್ಧಕ್ಕೆ ಪುಡಿಯಾಯಿತು. ಉಸಿರು ಬಿಗಿಹಿಡಿದು, ಚಿಮಟದಲ್ಲಿ ಚೂರು ಚೂರಾಗಿ ಹೊರತೆಗೆದು, ಅತ್ತೆಯ ಕಾಫಿ ಸೋಸುವ ಬಟ್ಟೆಯಲ್ಲಿ ಸೋಸಿ, ಒಂದು ಲೋಟಕ್ಕೆ ಬಗ್ಗಿಸಿದರು. ಇಟ್ಟಿಗೆಯ ಬಣ್ಣದ ಕೆಂಪು. ತಾವು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಮೂಸಿದರು. ಆಮೇಲೆ ನಮ್ಮನೆಯವರ ಕೈಗೆ ಕೊಟ್ಟರು.

ನಮ್ಮನೆಯವರು ಕಣ್ಣು ಮುಚ್ಚಿ ಒಂದು ಗುಟುಕು ಕುಡಿದರು. ನಾವು ಮೂವರೂ ಅವರ ಬಾಯಿಯನ್ನೇ ನೋಡುತ್ತಿದ್ದೆವು.

"ಹೇಗಿದೆ?" ಅಂದರು ಮಾವ.

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ?"

"ತುಂಬಾ ಚೆನ್ನಾಗಿದೆ."

ಮಾವ ನನ್ನ ಕಡೆ ತಿರುಗಿ, "ಇವರನ್ನ ಯಾರೇ ಹುಡುಕಿದ್ದು ನಿನಗೆ?" ಅಂದರು. ಹುಡುಕಿದ್ದು ಅವರೇ.

ಮಾವ ಹೆಚ್ಚು ಬೇಸರ ಮಾಡಿಕೊಳ್ಳಲಿಲ್ಲ. ಅವರ ಮನಸ್ಸು ಆ ಪುಟಗಳ ಮೇಲಿತ್ತು. ಬರಹವೆಲ್ಲ ಫ್ರೆಂಚ್. ನಾನು ಫೋನ್ ಹಿಡಿದು ಅದರಿಂದಲೇ ಅನುವಾದ ಮಾಡಿಸಿ ಓದುತ್ತಾ ಹೋದೆ. ಆ ಕೈಬರಹದ ಮುಂದೆ ಫೋನು ಕಂಗಾಲಾಯಿತು. ಏಪ್ರಿಲ್‌ನಲ್ಲಿ, 'ಚಳಿ ನಮ್ಮನ್ನು ನೋಡಿ ಟೋಪಿ ತೆಗೆದು ಹೋಯಿತು' ಅಂತು. ಜೂನ್‌ನಲ್ಲಿ, 'ಹೂವುಗಳು ಸಮಯಕ್ಕೆ ಸರಿಯಾಗಿ ಕಚೇರಿಗೆ ಬಂದಿವೆ' ಅಂತು. ಅತ್ತೆಗೂ ನಗು ತಡೆಯಲಾಗಲಿಲ್ಲ. ಮಾವ ಮಾತ್ರ ನಗಲಿಲ್ಲ.

"ಜುಲೈ ಹತ್ತೊಂಬತ್ತು ನೋಡು," ಅಂದರು.

ನಾನು ಪುಟ ತಿರುವಿ ಫೋನ್ ಹಿಡಿದೆ. ಈ ಸಲ ಅದು ತಪ್ಪಲಿಲ್ಲ. 'ಬೆಳಗಿನಿಂದ ಬಿಸಿಲು. ಪಶ್ಚಿಮದಿಂದ ತೆಳ್ಳಗಿನ ಗಾಳಿ. ಇವತ್ತು ಕೆಲಸವಿಲ್ಲ. ಮಗುವನ್ನು ಎತ್ತಿಕೊಂಡು ಸಾಲುಗಳ ನಡುವೆ ನಡೆದೆ.'

ಮಾವ ಇನ್ನೊಂದು ಸಲ ಓದಿಸಿದರು. ಜುಲೈ ಹತ್ತೊಂಬತ್ತು ಅವರ ಮಗಳು ಹುಟ್ಟಿದ ದಿನ ಎಂದು ನನಗೆ ಆಗ ಹೊಳೆಯಿತು. ಆ ಇಸವಿ ಅವಳು ಹುಟ್ಟಿದ ಇಸವಿ. ಹನ್ನೊಂದು ವರ್ಷ ಆ ಸೀಸೆಯ ಸುತ್ತ ತುದಿಗಾಲಲ್ಲಿ ಓಡಾಡಿದರೂ ನಾವ್ಯಾರೂ ಅದನ್ನು ಲೆಕ್ಕ ಹಾಕಿರಲಿಲ್ಲ.

"ಆಪರೇಷನ್ ಥಿಯೇಟರಿಗೆ ಕಿಟಕಿ ಇರೋದಿಲ್ಲ ಪುಟ್ಟಿ," ಅಂದರು ಮಾವ. ನನಗೆ ಹೇಳುತ್ತಿದ್ದರೂ ನೋಟ ಕಾಗದದ ಮೇಲಿತ್ತು. "ಆವತ್ತು ಬೆಳಿಗ್ಗೆ ಒಂದು ಆಕ್ಸಿಡೆಂಟ್ ಕೇಸ್ ಬಂತು. ಇಪ್ಪತ್ತು ವರ್ಷದವನು. ಹನ್ನೊಂದು ಗಂಟೆ ಟೇಬಲ್ ಮೇಲಿದ್ದ. ನಾನು ಅವನ ತಲೆ ಹತ್ತಿರ ಕೂತಿದ್ದೆ, ಬಿಟ್ಟು ಬರೋ ಹಾಗಿರ್ಲಿಲ್ಲ. ಎರಡು ಅಂತಸ್ತು ಮೇಲೆ ಇವಳು ಹೆರ್ತಾ ಇದ್ದಾಳೆ. ಮುಗಿಸಿ ಬರೋ ಹೊತ್ತಿಗೆ ಮಗುಗೆ ಆರು ಗಂಟೆ ವಯಸ್ಸು. ಆ ವರ್ಷ ಬೇಸಿಗೆ ಅದ್ಭುತವಾಗಿತ್ತು ಅಂತ ಎಲ್ಲರೂ ಹೇಳ್ತಾರೆ. ನಾನು ನೋಡ್ಲಿಲ್ಲ. ಆವತ್ತು ಹೊರಗೆ ಹೇಗಿತ್ತು ಅಂತ ಕೂಡ ನನಗೆ ಗೊತ್ತಿಲ್ಲ."

ನಮ್ಮನೆಯವರು ಲೋಟವನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟರು.

"ಮಳೆ," ಅಂದರು ಅತ್ತೆ.

"ಏನು?"

"ಆವತ್ತು ಇಲ್ಲಿ ಮಳೆ. ಬೆಳಿಗ್ಗೆಯಿಂದ ಸಂಜೆ ತನಕ ಬಿಟ್ಟೂ ಬಿಡದೆ ಸುರೀತು. ನಾನು ಕಿಟಕಿ ಪಕ್ಕದ ಮಂಚದಲ್ಲೇ ಇದ್ದೆನಲ್ಲ. ಕಾರ್ ಪಾರ್ಕ್ ಬಿಟ್ರೆ ಏನೂ ಕಾಣಿಸ್ತಿರ್ಲಿಲ್ಲ. ನೀವೇನೂ ಕಳ್ಕೊಳ್ಲಿಲ್ಲ ರೀ."

ಮಾವ ಅವರನ್ನೇ ನೋಡಿದರು. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀವು ಫ್ರಾನ್ಸಿನವರನ್ನ ಕೇಳ್ತಿದ್ರಿ."

ಮಾವ ಲಕೋಟೆಯನ್ನು ಬೋರಲು ಮಾಡಿ, ಅದರ ಬೆನ್ನಿನ ಬಿಳಿ ಜಾಗವನ್ನು ಅಂಗೈಯಲ್ಲಿ ಸವರಿ ನೀಟು ಮಾಡಿದರು. ಜೇಬಿನಿಂದ ಪೆನ್ನು ತೆಗೆದರು.

"ಹೇಳು. ಎಷ್ಟು ಗಂಟೆಗೆ ಶುರುವಾಯ್ತು?"

ಅತ್ತೆ ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತರು. "ಯಾವುದು, ಮಳೆಯಾ, ನೋವಾ?"

"ಎರಡೂ," ಅಂದರು ಮಾವ.